ಮಗ್ರಿಬ್ ಹೊತ್ತಿನ ಮೆರವಣಿಗೆ

ತುಮಕೂರಿನ ಗುಬ್ಬಿ ಗೇಟ್ ಹತ್ತಿರದ ಬ್ಯಾಂಡ್ ಅಂಗಡಿಯ ಜಹೀರ್ ಅಹಮದನಿಗೆ ಹಿಂದೂಗಳ ಪಂಚಾಂಗ ಪುರೋಹಿತರಿಗಿಂತ ಮೊದಲೇ ಗೊತ್ತಿರುತ್ತಿತ್ತು. ಆಷಾಢ ಯಾವಾಗ ಹಿಡಿಯುತ್ತದೆ, ಶೂನ್ಯಮಾಸ ಯಾವಾಗ ಬಿಡುತ್ತದೆ, ವೈಶಾಖದಲ್ಲಿ ಈ ಸಲ ಲಗ್ನಗಳು ಹೇಗಿವೆ, ಎಲ್ಲ ನಾಲಗೆಯ ತುದಿಯಲ್ಲಿ. ಗೊತ್ತಿಲ್ಲದೆ ಇದ್ದರೆ ಹೊಟ್ಟೆಪಾಡು ನಡೆಯುವುದು ಹೇಗೆ! ಲಗ್ನವಿದ್ದರೆ ಕ್ಲಾರಿನೆಟ್, ಇಲ್ಲದಿದ್ದರೆ ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಕೆಲಸ. ಅಷ್ಟು ಹತ್ತಿಯ ಧೂಳು ಕುಡಿದ ಎದೆಯಿಂದ ಅಷ್ಟುದ್ದದ ಉಸಿರು ಹೇಗೆ ಬರುತ್ತಿತ್ತೋ, ಅದು ಅವನಿಗೂ ಗೊತ್ತಿರಲಿಲ್ಲ.

ಉಸಿರಂತೂ ಉದ್ದದ್ದೇ. ಬೇರೆ ಬ್ಯಾಂಡಿನವರು ಸಿನಿಮಾ ಹಾಡನ್ನು ಸಿನಿಮಾದಲ್ಲಿದ್ದಂತೆ ಊದಿ ಮುಗಿಸುತ್ತಿದ್ದರು. ಜಹೀರನಿಗೆ ಅದು ಆಗುತ್ತಿರಲಿಲ್ಲ. ಸಾಲು ಮುಗಿಯುವ ಜಾಗದಲ್ಲಿ ಸ್ವರವನ್ನು ಹಿಡಿದು ಎಳೆಯುವನು, ಒಂದಿಷ್ಟು ಬಾಗಿಸುವನು, ಇನ್ನೇನು ಹರಿದುಹೋಯಿತು ಅನ್ನುವಾಗ ತಂದು ಸಾಲಿಗೆ ಸೇರಿಸುವನು. ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ಅವನು ಹೀಗೆ ಎಳೆದನೆಂದರೆ, ಅಲ್ಲಿಯವರೆಗೆ ಅಡುಗೆಯವರ ಮೇಲೆ ರೇಗಾಡುತ್ತಿದ್ದ ಸೋದರಮಾವಂದಿರೂ ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕುಣಿಯುವ ಹುಡುಗರಿಗೆ ಮಾತ್ರ ಸಿಟ್ಟು. "ಏನ್ ಸಾಬ್ರೇ, ಕುಣಿಯಕ್ಕೆ ಕರ್ಸಿದ್ವೋ ಅಳಕ್ಕೆ ಕರ್ಸಿದ್ವೋ?" ಎಂದು ಕೂಗುವರು. ಜಹೀರ್ ಕಣ್ಣಲ್ಲೇ ನಕ್ಕು ಮತ್ತಷ್ಟು ಎಳೆಯುವನು.

ಅವನ ಬೆನ್ನ ಹಿಂದೆ ದೊಡ್ಡ ಡ್ರಮ್ಮು ಕೊರಳಿಗೆ ಹಾಕಿಕೊಂಡು ನಡೆಯುತ್ತಿದ್ದವನು ಗೂಳೂರಿನ ಪುಟ್ಟರಂಗಯ್ಯ. ಮೀಸೆ ಮೂಡಿದ ಕಾಲದಿಂದ ಇಬ್ಬರೂ ಒಂದೇ ಬ್ಯಾಂಡು. ಪುಟ್ಟರಂಗಯ್ಯನದು ಬಾಯಿ ಜೋರು, ಕೆಲಸ ಮೌನ. ಮೆರವಣಿಗೆ ನಡೆಯುವುದು ಡ್ರಮ್ಮಿನ ಏಟಿಗೆ. ಆ ಕೋಲು ಬೀಳದೆ ಕಳಶ ಹಿಡಿದವರೂ ಹೆಜ್ಜೆ ಇಡುವಂತಿಲ್ಲ. ಆದರೆ ಕ್ಲಾರಿನೆಟ್ಟಿನವನು ಸದಾ ಮುಂದೆ ನೋಡುತ್ತಾ ನಡೆಯುವವನು. ಹಿಂದಿನವನ ಕೈ ಏನು ಮಾಡುತ್ತಿದೆ ಎಂದು ಜಹೀರ್ ಯಾವತ್ತೂ ತಿರುಗಿ ನೋಡಿದವನಲ್ಲ.

ಪಕ್ಕದಲ್ಲಿ ಸೆಕೆಂಡ್ ಕ್ಲಾರಿನೆಟ್ ಹಿಡಿಯುತ್ತಿದ್ದವನು ತಾರಿಖ್, ಜಹೀರನ ಹೆಂಡತಿ ಖಮರುನ್ನೀಸಾಳ ತಮ್ಮ. ವಿದ್ಯೆ ಕಲಿತದ್ದು ಭಾವನ ಹತ್ತಿರವೇ. ಒಳ್ಳೆಯವನು, ಹೇಳಿಕೊಟ್ಟಷ್ಟನ್ನು ಹೇಳಿಕೊಟ್ಟ ಹಾಗೆ ನುಡಿಸುವವನು. ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಗುಲಗಂಜಿ ಕಡಿಮೆ ಇಲ್ಲ. "ಇವನ ನುಡಿಕೆ ಇಸ್ತ್ರಿ ಮಾಡಿದ ಷರಟು ಇದ್ದ ಹಾಗೆ," ಎಂದು ಜಹೀರ್ ಹೆಂಡತಿಯ ಮುಂದೆ ಹಾಸ್ಯ ಮಾಡುತ್ತಿದ್ದ. ತಮ್ಮನ ಮೇಲಿನ ಹಾಸ್ಯ ಯಾವ ಅಕ್ಕನಿಗೆ ಇಷ್ಟವಾದೀತು? ಆ ದಿನ ಸಾರಿಗೆ ಉಪ್ಪು ಒಂದು ಹಿಡಿ ಹೆಚ್ಚೇ ಬೀಳುತ್ತಿತ್ತು.

ಈ ಬ್ಯಾಂಡಿನಲ್ಲಿ ಒಂದು ಕಟ್ಟಳೆ ಇತ್ತು. ಗಂಡನ್ನು ಮೆರವಣಿಗೆಯಲ್ಲಿ ಕರೆತರುವುದು ಹೊತ್ತು ಮುಳುಗುವಾಗ. ಮಗ್ರಿಬ್ ನಮಾಜಿನ ಹೊತ್ತೂ ಅದೇ. ಅಜಾನ್ ಕೇಳಿದರೆ ವಾದ್ಯ ನಿಲ್ಲುವುದು, ಮುಗಿದ ಮೇಲೆ ಮತ್ತೆ ಶುರುವಾಗುವುದು. ಆದರೆ ಎಲ್ಲರೂ ಒಟ್ಟಿಗೆ ಮಸೀದಿಗೆ ಹೊರಟರೆ ಮದುಮಗನನ್ನು ನಡುಬೀದಿಯಲ್ಲಿ ಬಿಟ್ಟು ಹೋದಂತಾಗುತ್ತದಲ್ಲ. ಅದಕ್ಕೆ ಪಾಳಿ: ಮೊದಲು ಹಿರಿಯರು ಹೋಗಿ ಬರುವುದು, ಆಮೇಲೆ ಕಿರಿಯರು. ಜಹೀರ್ ಹೋದಾಗ ತಾರಿಖ್ ಮುಂದೆ ಬಂದು ಹಾಡು ಎತ್ತಿಕೊಳ್ಳುವನು. "ನಿಮ್ದೂ ಒಳ್ಳೆ ಫ್ಯಾಕ್ಟ್ರಿ ಶಿಫ್ಟ್ ಇದ್ದಂಗೈತೆ ಬುಡಿ ಸಾಬ್ರೇ," ಎಂದು ಪುಟ್ಟರಂಗಯ್ಯ ನಗುತ್ತಿದ್ದ. ಅವನಿಗೆ ಪಾಳಿ ಇಲ್ಲ, ಕೊನೆಯವರೆಗೂ ಡ್ರಮ್ಮು ಬಾರಿಸುತ್ತಲೇ ಇರಬೇಕು.

ತೊಂಬತ್ತಮೂರರ ಬೇಸಿಗೆಯಲ್ಲಿ ಕುಣಿಗಲ್ಲಿನಲ್ಲಿ ಒಂದು ಮದುವೆ. ಕುದುರೆ ಫಾರಂ ಇರುವ ಊರಲ್ಲಿ ಗಂಡು ಬಂದದ್ದು ಅಂಬಾಸಡರ್ ಕಾರಿನಲ್ಲಿ ಎಂದು ಪುಟ್ಟರಂಗಯ್ಯ ದಾರಿಯುದ್ದಕ್ಕೂ ಆಡಿಕೊಂಡ. ದೇವಸ್ಥಾನದ ಬಾಗಿಲಿಂದ ಮೆರವಣಿಗೆ ಹೊರಟಿತು. ಕೆರೆಯ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತು, ಜಹೀರನ ಕ್ಲಾರಿನೆಟ್ಟಿನ ಬಾಯಿಗಿಡುವ ರೀಡು ಅಪರೂಪಕ್ಕೆ ಹೇಳಿದ ಹಾಗೆ ಕೇಳುತ್ತಿತ್ತು. ಅವತ್ತು ತಾನು ಚೆನ್ನಾಗಿ ನುಡಿಸುತ್ತಿದ್ದೇನೆ ಎಂದು ಅವನಿಗೇ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಅಜಾನ್ ಆಯಿತು. ಕ್ಲಾರಿನೆಟ್ಟನ್ನು ಚೀಲಕ್ಕೆ ಇಳಿಸಿ, ಪಕ್ಕದ ಬೀದಿಯ ಮಸೀದಿಗೆ ಹೋದ.

ನಮಾಜು ಮುಗಿಸಿ ಅಂಗೈ ಎತ್ತಿ ದುವಾ ಮಾಡುವಾಗ, ಅವತ್ತಿನ ಹುರುಪಿಗೋ ಏನೋ, ಎಂದೂ ಕೇಳದ್ದನ್ನು ಕೇಳಿದ. ಯಾ ಅಲ್ಲಾಹ್, ನನ್ನ ನುಡಿಕೆ ಒಬ್ಬ ಬಲ್ಲವನ ಕಿವಿಗೆ ಬೀಳಲಿ. ಸ್ವಲ್ಪ ಹೊತ್ತು ಹೆಚ್ಚೇ ಕೂತ.

ತಿರುಗಿ ಬರುವ ಹೊತ್ತಿಗೆ ಮೆರವಣಿಗೆ ಚೌಲ್ಟ್ರಿ ಮುಟ್ಟಿತ್ತು. ಬಾಗಿಲ ಪಕ್ಕದಲ್ಲಿ ಬಿಳಿ ಷರಟಿನ ಒಬ್ಬರು ತಾರಿಖನ ಹೆಗಲ ಮೇಲೆ ಕೈಯಿಟ್ಟು ಮಾತಾಡುತ್ತಿದ್ದರು. ಹೆಣ್ಣಿನ ಕಡೆಯ ನೆಂಟರು, ಹೆಸರು ರೇವಣಸಿದ್ದಯ್ಯ; ಬೆಂಗಳೂರಿನಲ್ಲಿ ಭಕ್ತಿಗೀತೆ ಕ್ಯಾಸೆಟ್ಟುಗಳಿಗೂ ಟಿ.ವಿ. ಧಾರಾವಾಹಿಗಳಿಗೂ ಸಂಗೀತ ಮಾಡುವವರು. ಒಬ್ಬರು ಕ್ಲಾರಿನೆಟ್ಟಿನವರು ಬೇಕಾಗಿದ್ದಾರೆ, ಬರುವ ವಾರ ಬಾ ಎಂದು ತಾರಿಖನಿಗೆ ವಿಳಾಸ ಹೇಳುತ್ತಿದ್ದರು. ಜಹೀರ್ ಚೀಲ ಹಿಡಿದುಕೊಂಡು ಪಕ್ಕದಲ್ಲೇ ನಿಂತ. ಅವರು ಅವನತ್ತ ನೋಡಿ ನಮಸ್ಕಾರ ಮಾಡಿ ಊಟಕ್ಕೆ ಹೋದರು.

ತಾರಿಖ್ ಬೆಂಗಳೂರಿಗೆ ಹೋದ, ಅಲ್ಲೇ ಉಳಿದ. ವರ್ಷ ಕಳೆಯುವುದರೊಳಗೆ ಸಂಜೆಯ ಧಾರಾವಾಹಿಯೊಂದರ ಶುರುವಿನಲ್ಲಿ ಅವನ ಕ್ಲಾರಿನೆಟ್ ಬರತೊಡಗಿತು. ಟೀ ಅಂಗಡಿಯವರು, ಕಟಿಂಗ್ ಶಾಪಿನವರು, ಹಾಸಿಗೆ ಹೊಲಿಸಲು ಬಂದವರು, ಎಲ್ಲರದ್ದೂ ಒಂದೇ ಮಾತು: "ನಿಮ್ಮ ಬಾಮೈದಂದಂತೆ, ಹೌದಾ ಸಾಬ್ರೇ?" ಹೌದು ಎಂದು ಜಹೀರ್ ಹೇಳಬೇಕು. "ನೀವೇ ಕಲ್ಸಿದ್ದಂತೆ?" ಅದಕ್ಕೂ ಹೌದೆನ್ನಬೇಕು. "ಎಲ್ಲಾ ನಸೀಬು ಬಿಡಿ," ಎಂದು ಅವರೇ ಸಮಾಧಾನವನ್ನೂ ಹೇಳಿ ಹೋಗುವರು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಅವನು ಆ ವರ್ಷಗಳಲ್ಲಿ ಕೇಳಿದಷ್ಟು ಯಾರೂ ಕೇಳಿರಲಾರರು.

ಕೇಳಿ ಕೇಳಿ ಅವನೂ ಅದನ್ನೇ ನಂಬಿದ. ಸುಳ್ಳು ಯಾಕೆ, ಆ ನಂಬಿಕೆಯಲ್ಲಿ ಒಂದು ಸುಖವಿತ್ತು. ವಿದ್ಯೆ ನನ್ನದು, ಅದೃಷ್ಟ ಅವನದು; ಮೂರು ರಕಾತ್ ನಮಾಜಿನಷ್ಟು ಹೊತ್ತು ಆಚೀಚೆ ಆಗಿದ್ದರೆ ಆ ಧಾರಾವಾಹಿಯಲ್ಲಿ ಕೇಳುವ ಉಸಿರು ನನ್ನದಾಗಿರುತ್ತಿತ್ತು. ಹೀಗೆ ಅಂದುಕೊಂಡರೆ ಅನ್ಯಾಯವಾದದ್ದು ನಿಜ, ಆದರೆ ತನ್ನಲ್ಲಿ ಕೊರತೆಯೇನೂ ಇಲ್ಲ. ಅನ್ಯಾಯವಾದವನಿಗೆ ನಿದ್ದೆ ಬರುತ್ತದೆ. ತಾರಿಖ್ ಹಬ್ಬಕ್ಕೆ ಬಂದು ಕಾಲು ಮುಟ್ಟಿದರೆ ಜಹೀರ್ ಚೆನ್ನಾಗಿರು ಎನ್ನುತ್ತಿದ್ದ, ಬೆಂಗಳೂರಿನ ವಿಚಾರ ಕೇಳುತ್ತಿರಲಿಲ್ಲ. ಕರೆದುಕೊಂಡು ಹೋಗುತ್ತೇನೆ ಎಂದು ಒಂದು ಸಲವಾದರೂ ಬಾಯಿಬಿಟ್ಟನೇ ಎಂದು ಒಳಗೊಳಗೇ ಕುದಿಯುತ್ತಿದ್ದ.

ಇನ್ನೊಂದು ಬದಲಾವಣೆಯೂ ಆಯಿತು, ಅದನ್ನು ಅವನು ಯಾರಿಗೂ ಹೇಳಲಿಲ್ಲ. ಕುಣಿಗಲ್ಲಿನ ಆ ಸಂಜೆಯಾದ ಮೇಲೆ ಜಹೀರ್ ಮೆರವಣಿಗೆಯ ನಡುವೆ ಮಗ್ರಿಬ್‌ಗೆ ಹೋಗುವುದನ್ನು ಬಿಟ್ಟ. ಅಜಾನಿಗೆ ವಾದ್ಯ ಇಳಿಸುವನು, ಮುಗಿದ ಕೂಡಲೇ ಮತ್ತೆ ಎತ್ತುವನು. ತಾರಿಖನ ಜಾಗಕ್ಕೆ ಬಂದಿದ್ದ ಶಾಬಾಜನಿಗೆ, "ನೀನು ಹೋಗಿ ಬಾ, ನಾನು ಮನೆಗೆ ಹೋಗಿ ಮಾಡ್ಕೋತೀನಿ," ಎನ್ನುವನು. ನುಡಿಸುತ್ತಲೇ ಕಣ್ಣು ಜನರ ಮೇಲೆ. ಯಾರಾದರೂ ಬಿಳಿ ಷರಟಿನವರು ಕೈಕಟ್ಟಿ ನಿಂತು ಕೇಳುತ್ತಿದ್ದರೆ ಅವರ ಎದುರಿಗೆ ಸ್ವರವನ್ನು ಇನ್ನಷ್ಟು ಎಳೆಯುವನು. ಹಾಗೆ ನಿಂತವರಲ್ಲಿ ಎಲ್‌ಐಸಿ ಏಜೆಂಟರಿದ್ದರು, ಹೆಬ್ಬೂರಿನ ಹಾಲಿನ ಡೈರಿಯ ಕಾರ್ಯದರ್ಶಿ ಇದ್ದರು, ಸಂಗೀತದವರು ಮಾತ್ರ ಒಬ್ಬರೂ ಇರಲಿಲ್ಲ.

ಖಮರುನ್ನೀಸಾಗೆ ಗೊತ್ತಾಗದೆ ಇರುತ್ತದೆಯೇ? ಮೆರವಣಿಗೆಯಿಂದ ಬಂದವನು ಚಾಪೆ ಹಾಸಿ ತಪ್ಪಿದ ನಮಾಜನ್ನು ತೀರಿಸುವುದನ್ನು ನೋಡಿ ಒಂದು ದಿನ ಕೇಳಿಯೇ ಬಿಟ್ಟಳು. ಮನೆಯ ಮಾತು ಉರ್ದು, ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಅಲ್ಲಾಹ್‌ನ ಮೇಲೆ ಮುನಿಸ್ಕೊಂಡಿದೀರಾ?"

"ಮುನಿಸು ಯಾಕೆ. ಹೊಟ್ಟೆಪಾಡು."

"ಹೊಟ್ಟೆಪಾಡು ಮುಂಚೇನೂ ಇತ್ತಲ್ಲ," ಎಂದು ಅವಳು ಒಳಗೆ ಹೋದಳು.

ಎರಡು ಸಾವಿರದ ಐದರಲ್ಲಿ ಬ್ಯಾಂಡ್ ಅಂಗಡಿಗೆ ತಾರಿಖನ ಫೋನು ಬಂತು. "ದುಲ್ಹೇಭಾಯ್, ನಮ್ಮ ಸಾರ್ ಹೊಸ ಸಿ.ಡಿ. ಮಾಡ್ತಿದಾರೆ. ಕೀಬೋರ್ಡಲ್ಲಿ ಬರೋ ಕ್ಲಾರಿನೆಟ್ ಬೇಡವಂತೆ, ನಿಜವಾದ್ದೇ ಎರಡು ಬೇಕಂತೆ. ಒಂದು ನಾನು. ಇನ್ನೊಂದು ನೀವು ಬರ್ತೀರಾ?"

ಜಹೀರ್ ಬರುತ್ತೇನೆ ಎಂದು ಫೋನು ಇಟ್ಟು ಬೆಂಚಿನ ಮೇಲೆ ಕೂತ. ಐವತ್ತು ದಾಟಿದ ಮೇಲೆ ಬಾಗಿಲು ತೆರೆಯುವುದೆಂದರೆ ಹುಡುಗಾಟವೇ! ಅಂದು ಕುಣಿಗಲ್ಲಿನಲ್ಲಿ ಕೈತಪ್ಪಿದ್ದು ತನ್ನದೇ ಆಗಿತ್ತು ಎಂಬುದು ಈಗ ಗೊತ್ತಾಗಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಖಮರುನ್ನೀಸಾ ಬಿಳಿ ಷರಟು ಒಗೆದು ಇಸ್ತ್ರಿ ಮಾಡಿಸಿದಳು. ಪುಟ್ಟರಂಗಯ್ಯ ಬಸ್‌ಸ್ಟ್ಯಾಂಡಿನವರೆಗೆ ಬಂದ. "ನಮ್ ಗೂಳೂರು ಗಣಪ್ಪಂಗೆ ಹೇಳ್ಕಂಡಿವ್ನಿ, ಓಗ್ಬನ್ನಿ. ಎದ್ರಿಗೆ ಯಾರಿದ್ರೂ ನೀವು ಮಾಮೂಲಿನಂಗೇ ಊದಿ," ಎಂದ.

ಸ್ಟುಡಿಯೋ ಎಂದರೆ ಕಿಟಕಿಯಿಲ್ಲದ ಒಂದು ಕೋಣೆ, ಒಳಗೆ ಮೈ ಕೊರೆಯುವ ಎಸಿ. ಗಾಜಿನ ಆಚೆ ರೇವಣಸಿದ್ದಯ್ಯನವರು ಕೂತಿದ್ದರು, ತಲೆ ಬೆಳ್ಳಗಾಗಿತ್ತು. ಜಹೀರನ ಕಿವಿಗೆ ಹೆಡ್‌ಫೋನ್ ಹಾಕಿದರು. ಅದರೊಳಗೆ ಟಿಕ್, ಟಿಕ್, ಟಿಕ್ ಎಂಬ ಸದ್ದು. ತಾಳ ಅದೇ, ಅದಕ್ಕೆ ಸರಿಯಾಗಿ ನುಡಿಸಬೇಕು ಎಂದು ತಾರಿಖ್ ಹೇಳಿಕೊಟ್ಟ. ಹಿಂದೆ ಅವನಿಗೆ ಹೇಳಿಕೊಟ್ಟ ಭಾವ ಈಗ ಅವನಿಂದ ಹೇಳಿಸಿಕೊಂಡ.

ಹಾಡಿನ ಸಾಲು ಸುಲಭದ್ದು. ಜಹೀರ್ ಊದಿದ. ಸಾಲಿನ ಕೊನೆಯಲ್ಲಿ ಸ್ವರ ತಾನಾಗಿಯೇ ಎಳೆದುಕೊಂಡಿತು, ಬಾಗಿತು. ಗಾಜಿನ ಆಚೆ ಕೂತಿದ್ದವನೊಬ್ಬ ತಲೆಯಾಡಿಸಿದ್ದೂ ಕಾಣಿಸಿತು. ಆದರೆ ಆ ಟಿಕ್ ನಿಲ್ಲಲಿಲ್ಲ. ಇವನು ಸ್ವರವನ್ನು ತಂದು ಸೇರಿಸುವ ಹೊತ್ತಿಗೆ ಅದು ಮುಂದಿನ ಸಾಲಿನಲ್ಲಿತ್ತು. ಇನ್ನೊಂದು ಸಲ ಎಂದರು. ಮತ್ತೂ ಹಾಗೇ ಆಯಿತು. ಎಳೆಯಬಾರದು ಎಂದು ಹಲ್ಲುಕಚ್ಚಿ ನೇರವಾಗಿ ನುಡಿಸಿದ. ತಾಳಕ್ಕೇನೋ ಸರಿಯಾಯಿತು, ಆದರೆ ನುಡಿಕೆ ಸಪ್ಪೆಯಾಗಿತ್ತು, ಉಪ್ಪಿಲ್ಲದ ಸಾರಿನ ಹಾಗೆ. ಪಕ್ಕದಲ್ಲಿ ತಾರಿಖ್ ಅದೇ ಸಾಲನ್ನು ನೇರವಾಗಿ ನುಡಿಸಿದರೆ ಅದು ಚೆನ್ನಾಗಿರುತ್ತಿತ್ತು. ನಿಜಕ್ಕೂ ಚೆನ್ನಾಗಿತ್ತು. ಆ ಚಳಿಯಲ್ಲೂ ಜಹೀರನ ಬೆನ್ನು ಬೆವೆತಿತು.

ರೇವಣಸಿದ್ದಯ್ಯನವರು ತಾರಿಖನನ್ನು ಕಾಫಿಗೆ ಕಳಿಸಿ ಒಳಗೆ ಬಂದರು. "ಸಾಹೇಬ್ರೇ, ಬೇಜಾರ್ ಮಾಡ್ಕೋಬೇಡಿ. ಇದನ್ನ ಎರಡೂ ತಾರಿಖೇ ನುಡಿಸ್ಲಿ."

ಜಹೀರ್ ಹೆಡ್‌ಫೋನ್ ತೆಗೆದು ಕೆಳಗಿಟ್ಟ. ಅಷ್ಟು ವರ್ಷ ಎದೆಯಲ್ಲಿದ್ದದ್ದು ಬಾಯಿಗೆ ಬಂತು. "ಅವತ್ತು ಕುಣಿಗಲ್ಲಲ್ಲಿ ನಾನು ನಮಾಜಿಗೆ ಹೋಗ್ದೇ ಇದ್ದಿದ್ರೆ ಸಾರ್? ನನ್ನ ನುಡಿಕೆ ಅವತ್ತೇ ನೀವು ಕೇಳಿದ್ದಿದ್ರೆ?"

"ಕೇಳಿದ್ದೆ."

"ನಂದಾ?"

"ನಿಮ್ದೇ. ದೇವಸ್ಥಾನದ ಬಾಗ್ಲಿಂದ ನಿಮ್ಮ ಹಿಂದೇನೇ ನಡ್ಕೊಂಡು ಬಂದೆ. ನೀವು ಮಸೀದಿಗೆ ಹೋದ್ಮೇಲೆ ತಾರಿಖ್‌ದೂ ಕೇಳ್ದೆ. ನಿಮ್ಮಷ್ಟು ಚೆನ್ನಾಗಿ ನುಡಿಸೋರನ್ನ ಬೆಂಗ್ಳೂರಲ್ಲೂ ಕೇಳಿರ್ಲಿಲ್ಲ ನಾನು."

"ಮತ್ತೆ?"

"ನನಗೆ ಬೇಕಾಗಿದ್ದೋರು ಬರೆದಷ್ಟನ್ನ ಬರೆದ ಜಾಗದಲ್ಲಿ ನುಡಿಸೋರು. ನಿಮ್ಮ ಕೈಗೆ ಹಾಡು ಕೊಟ್ರೆ ಅದು ನಿಮ್ದೇ ಆಗ್ಬಿಡತ್ತೆ ಸಾಹೇಬ್ರೇ, ನನಗೆ ವಾಪಸ್ ಬರಲ್ಲ. ತಾರಿಖ್ ಬಂದಾಗಿಂದ ನಿಮ್ಮ ಹೆಸರು ಹೇಳ್ತಾನೇ ಇದಾನೆ. ನಾನೇ ಬೇಡ ಬೇಡ ಅಂತಿದ್ದೆ. ಈ ಸಲ ನೋಡೋಣ ಅಂದೆ."

ತಾರಿಖ್ ಕಾಫಿ ತಂದ. ಜಹೀರ್ ಕುಡಿದ. ಬಾಮೈದನ ಮುಖ ನೋಡಲು ಅವನಿಗೆ ನಾಚಿಕೆಯಾಯಿತು. ಬಸ್ ಹತ್ತಿಸಲು ಬಂದವನ ಭುಜವನ್ನು ಒಂದು ಸಲ ಬಿಗಿಯಾಗಿ ಹಿಡಿದು ಬಿಟ್ಟ.

ನೆಲಮಂಗಲ ದಾಟಿದರೂ, ದಾಬಸ್‌ಪೇಟೆ ದಾಟಿದರೂ ಅವನಿಗೆ ಕೇಳುತ್ತಿದ್ದದ್ದು ಒಂದೇ ಮಾತು: ಕೇಳಿದ್ದೆ. ಕೇಳದೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಕೆಟ್ಟ ನಸೀಬಿಗೆ ಒರಗಿಕೊಂಡು ಹನ್ನೆರಡು ವರ್ಷ ಕೂತಿದ್ದವನ ಬೆನ್ನ ಹಿಂದಿನ ಗೋಡೆಯನ್ನೇ ಆ ಮನುಷ್ಯ ತೆಗೆದುಬಿಟ್ಟಿದ್ದರು. ಅದೂ ಹೊಗಳಿಕೊಂಡು.

ಮನೆಗೆ ಬಂದವನು ಮೊದಲು ಯಂತ್ರವನ್ನು ಬೈದ. ಕಿವಿಯಲ್ಲಿ ಅದ್ಯಾವುದೋ ಟಿಕ್ ಟಿಕ್ ಅಂದರೆ ಮನುಷ್ಯನಾದವನು ಹೇಗೆ ನುಡಿಸುವುದು ಎಂದ. ಖಮರುನ್ನೀಸಾ ತಟ್ಟೆ ಮುಂದಿಟ್ಟು, "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ," ಎಂದಳು. ಜಹೀರನಿಗೆ ರೇಗಿತು. ರೇಗಿದ ಭರದಲ್ಲೇ ಎಲ್ಲ ಹೇಳಿಬಿಟ್ಟ: ಮಸೀದಿಯಲ್ಲಿ ಮಾಡಿದ ದುವಾ, ಆಮೇಲೆ ತಪ್ಪಿಸಿದ ನಮಾಜುಗಳು, ರೇವಣಸಿದ್ದಯ್ಯನವರ ಮಾತು.

ಅವಳು ಎದುರಿಗೆ ಕೂತಳು. "ಬಲ್ಲವನ ಕಿವಿಗೆ ಬೀಳ್ಲಿ ಅಂತ ಕೇಳಿದ್ರಿ ತಾನೆ?"

"ಹೂಂ."

"ಬಿದ್ದಿತ್ತಲ್ಲ. ನೀವು ಕೇಳೋಕೆ ಮುಂಚೇನೇ ಬಿದ್ದಾಗಿತ್ತು. ಅವರು ಕರೀಲಿ ಅಂತ ನೀವು ಕೇಳೇ ಇರ್ಲಿಲ್ಲ." ಅವಳು ಅನ್ನ ಬಡಿಸಿದಳು. "ಅಲ್ಲಾಹ್‌ನ ಮೇಲೆ ಸುಮ್ಮನೆ ಸಿಟ್ಟು ಮಾಡ್ಕೊಂಡ್ರಿ."

ಅದಾದ ಮೇಲಿನ ಮೊದಲ ಲಗ್ನ ಗುಬ್ಬಿಯಲ್ಲಿ. ಜಹೀರನಿಗೆ ಕ್ಲಾರಿನೆಟ್ ಕೈಗೆತ್ತಿಕೊಳ್ಳಲೂ ಮನಸ್ಸಿರಲಿಲ್ಲ, ಆದರೂ ಒಪ್ಪಿಕೊಂಡ ಮೆರವಣಿಗೆ ಬಿಡುವಂತಿಲ್ಲ. ಪೇಟೆ ಬೀದಿಯಲ್ಲಿ ಸಾಗುತ್ತಿದ್ದಾಗ ಅಜಾನ್ ಕೇಳಿತು. ವಾದ್ಯ ನಿಂತಿತು. ಅಜಾನ್ ಮುಗಿದಾಗ ಶಾಬಾಜ್ ಅಭ್ಯಾಸದಂತೆ ಹೊರಡಲು ತಿರುಗಿದ್ದ. ಜಹೀರ್ ಅವನ ತೋಳು ಹಿಡಿದು ನಿಲ್ಲಿಸಿದ. "ನಾನು ಹೋಗ್ಬರ್ತೀನಿ. ನೀನು ಮುಂದೆ ಬಾ."

ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ವುಜೂ ಮಾಡುವಾಗ ದೂರದಿಂದ ಶಾಬಾಜನ ನುಡಿಕೆ ಕೇಳುತ್ತಿತ್ತು. ನೆಟ್ಟಗೆ, ಹಾಡು ಹೇಗಿದೆಯೋ ಹಾಗೆ. ಅದು ಇಂಥ ಹಾಡು ಎಂದು ಜಹೀರನಿಗೆ ಮೊದಲ ಸಲ ಗೊತ್ತಾದ ಹಾಗಿತ್ತು. ನಮಾಜು ಮಾಡಿದ. ಅಂಗೈ ಎತ್ತಿದಾಗ ಏನು ಕೇಳಬೇಕೆಂದು ತೋಚಲಿಲ್ಲ, ಏನನ್ನೂ ಕೇಳದೆ ಮುಖ ಸವರಿಕೊಂಡು ಎದ್ದ.

ಮೆರವಣಿಗೆ ಚೌಲ್ಟ್ರಿ ಮುಟ್ಟಿಬಿಟ್ಟಿರುತ್ತದೆ ಎಂದು ಬೇಗಬೇಗ ಬಂದರೆ, ಅದು ಬಿಟ್ಟ ಜಾಗದಿಂದ ನಾಲ್ಕು ಅಂಗಡಿ ಮುಂದೆ ಮಾತ್ರ ಹೋಗಿತ್ತು. ಹೆಣ್ಣಿನ ಕಡೆಯವರು, "ಏನ್ರೀ ಇದು, ಬಸವನಹುಳ ಇದ್ದಂಗೆ!" ಎಂದು ಗೊಣಗುತ್ತಿದ್ದರು. ಪುಟ್ಟರಂಗಯ್ಯ ಕಿವುಡನಂತೆ ಮುಖ ಮಾಡಿಕೊಂಡು, ಒಂದು ಏಟು ಹಾಕಿ ಇನ್ನೊಂದು ಏಟಿಗೆ ಕೋಲು ಎತ್ತಿ ಹಿಡಿದುಕೊಂಡಿದ್ದ.

"ಯಾಕ್ ರಂಗಯ್ಯ, ಇಷ್ಟು ನಿಧಾನ?"

"ನೀವು ಬರ್ಲಿ ಅಂತ. ಕೋಲು ನನ್ ಕೈಯಾಗಲ್ವಾ ಇರೋದು? ಕಾಯ್ತಿದ್ದೆ."

"ಅವತ್ತು ಕುಣಿಗಲ್ಲಲ್ಲೂ ಕಾಯ್ತಿದ್ಯಾ?"

"ಅವತ್ತು ಎಷ್ಟೊತ್ತು ಅಂತ ಕಾಯ್ಲಿ? ನೀವು ಬರ್ಲೇ ಇಲ್ಲ." ಪುಟ್ಟರಂಗಯ್ಯ ನಕ್ಕ. "ಕಾಯೋದೇನ್ ಹೊಸ್ದಾ ಸಾಬ್ರೇ ನಂಗೆ? ನೀವು ಒಂದೊಂದು ಸಾಲಿಗೂ ಎಳೀತೀರಲ್ಲ, ನಿಮ್ ಉಸ್ರು ಮುಗ್ದು ನೀವು ಇಳಿಯೋಗಂಟ ಕೋಲು ಎತ್ಕಂಡೇ ಇರ್ತೀನಿ. ಇಳಿದ್ರೋ, ಹಾಕ್ತೀನಿ ಏಟು. ಇಲ್ದಿದ್ರೆ ನಿಮ್ ಎಳೆತಕ್ಕೆ ತಾಳ ಎಲ್ಲಿ ಸಿಕ್ಕಾತು?"

ಜಹೀರ್ ಬೀದಿಯಲ್ಲಿ ಹಾಗೇ ನಿಂತುಬಿಟ್ಟ. ಸ್ಟುಡಿಯೋದ ಆ ಟಿಕ್ ಯಾಕೆ ತನ್ನನ್ನು ಬಿಟ್ಟು ಹೋಯಿತು ಎಂದು ಈಗ ಅರ್ಥವಾಯಿತು. ಅಷ್ಟು ವರ್ಷ ತನ್ನ ವಿದ್ಯೆ ಎಂದುಕೊಂಡದ್ದರಲ್ಲಿ ಅರ್ಧ ಬೆನ್ನ ಹಿಂದೆ ಎತ್ತಿ ಹಿಡಿದ ಈ ಕೋಲಿನಲ್ಲಿತ್ತು. ನಸೀಬಿಲ್ಲ ನಸೀಬಿಲ್ಲ ಎಂದು ಅವನು ಗೋಳಾಡಿದ್ದು ಈ ಮನುಷ್ಯನ ಮುಂದೆ ನಡೆಯುತ್ತಾ.

"ಯಾವಾಗಿಂದ ಹಿಂಗೆ?" ಎಂದು ಕೇಳಿದ.

"ಮೊದ್ಲಿಂದ್ಲೂ. ನಿಮಗ್ ಗೊತ್ತಿಲ್ವಾ?" ಪುಟ್ಟರಂಗಯ್ಯನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಅದಿರ್ಲಿ, ಊದ್ರೀ ಸಾಬ್ರೇ, ಬೀಗ್ರು ಬಯ್ತಾವ್ರೆ."

ಶಾಬಾಜ್ ನಮಾಜಿಗೆ ಹೋದ. ಜಹೀರ್ ಚೀಲದಿಂದ ಕ್ಲಾರಿನೆಟ್ ತೆಗೆದು ರೀಡನ್ನು ತುಟಿಯಲ್ಲಿ ನೆನೆಸಿಕೊಂಡ. ಮುಂದೆ ಹೋಗಿ ನಿಲ್ಲಲಿಲ್ಲ, ಡ್ರಮ್ಮಿನ ಪಕ್ಕಕ್ಕೆ ಬಂದ. ಸಾಲಿನ ಕೊನೆಗೆ ಬಂದಾಗ ಸ್ವರವನ್ನು ಎಳೆದ, ಬಾಗಿಸಿದ. ಕಣ್ಣು ಜನರ ಕಡೆ ಹೋಗಲಿಲ್ಲ; ಪುಟ್ಟರಂಗಯ್ಯನ ಕೋಲು ಮೇಲೆದ್ದು ಗಾಳಿಯಲ್ಲಿ ನಿಂತಿರುವುದನ್ನು ನೋಡುತ್ತಿದ್ದ. ಉಸಿರು ಇನ್ನೂ ಇತ್ತು. ಆದರೂ ಇಳಿದ, ಏಟು ಬಿತ್ತು, ಮೆರವಣಿಗೆ ಒಂದು ಹೆಜ್ಜೆ ಮುಂದೆ ಹೋಯಿತು.